ಬಳ್ಳಾರಿಗೆ ಹೊಸ ಕಂಟ್ರೋಲರ್

ಬಳ್ಳಾರಿಯ ಕೆಂಪು ಮಣ್ಣು ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿದ್ದ ಕಾಲವದು. ಬೆಳಿಗ್ಗೆ ಬಿಳಿ ಅಂಗಿಯಲ್ಲಿ ಮನೆ ಬಿಟ್ಟ ಗಂಡಸು ಸಂಜೆ ಕಾವಿ ಅಂಗಿಯಲ್ಲಿ ಮರಳುತ್ತಿದ್ದ; ಸನ್ಯಾಸ ತಗೊಂಡು ಬಂದನೆಂದು ಎದೆ ಬಡಿದುಕೊಂಡು ಅತ್ತ ಹೆಂಡಂದಿರು ನೂರಾರು. ಈ ಕಥೆಯಲ್ಲಿ ಇದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿಲ್ಲ. ಮುಂದಿನದೆಲ್ಲ ಅಳೆದು ತೂಗಿದ ಸತ್ಯ.

ಕುರುಗೋಡಿನ ಹುಸೇನಬಾಷಾ ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಇಪ್ಪತ್ತು ವರ್ಷ ಮೋಟರು, ಸ್ಟಾರ್ಟರು, ಪ್ಯಾನೆಲ್ಲು ರಿಪೇರಿ ಮಾಡಿದವನು. ಸುಟ್ಟ ಮೋಟರನ್ನು ಒಮ್ಮೆ ಮೂಸಿದನೆಂದರೆ ಅದು ಯಾವ ಗಿರಣಿಯದು, ಯಾವ ವಾರ ಸುಟ್ಟಿತು, ಸುಡುವಾಗ ಮಾಲೀಕ ಯಾವ ಪಲ್ಯ ತಿನ್ನುತ್ತಿದ್ದ ಎಂಬುದನ್ನೂ ಹೇಳುತ್ತಿದ್ದ. ಅವನ ಸ್ಕ್ರೂ ಡ್ರೈವರ್ ಕಂಡರೆ ಹಾಳಾದ ಯಂತ್ರಗಳು ತಾವಾಗಿಯೇ ಎದ್ದು ನಿಲ್ಲುತ್ತಿದ್ದವು. ಆದರೂ ಊರಲ್ಲಿ ಅವನ ಹೆಸರು ‘ವೈಂಡಿಂಗ್ ಬಾಷಾ’; ಜಡೆಪ್ಪನ ಚಹಾ ಹೋಟೆಲ್ಲಿನಲ್ಲಿ ಅವನ ಜಾಗ ಬಾಗಿಲ ಹಿಂದಿನ ಮುರುಕು ಸ್ಟೂಲು.

ಅವನ ಮನೆ ಇದ್ದದ್ದು ಊರಾಚೆ, ಬಳ್ಳಾರಿ ರಸ್ತೆಯ ಹುಣಸೇ ಕ್ರಾಸಿನಲ್ಲಿ. ಬೆಳಗಿನ ಏಳೂ ನಲವತ್ತರ ಬಸ್ಸು ಅಲ್ಲಿ ನಿಲ್ಲುತ್ತಿರಲಿಲ್ಲ. ಹುಣಸೇ ಮರಕ್ಕೆ ಕೆಂಪು ಧೂಳಿನ ಸ್ನಾನ ಮಾಡಿಸಿ ಹೋಗಿಬಿಡುತ್ತಿತ್ತು. ಬಳ್ಳಾರಿಯಲ್ಲಿ ಪಿಯುಸಿ ಓದುತ್ತಿದ್ದ ಅವನ ಮಗಳು ಫರ್ಹತ್ ಮತ್ತು ನಾಲ್ಕು ಗೆಳತಿಯರು ಅದರ ಹಿಂದೆ ಓಡಿ ಓಡಿ ಒಲಿಂಪಿಕ್ಸಿಗೆ ತಯಾರಾಗಿದ್ದರೇ ಹೊರತು ಪರೀಕ್ಷೆಗಲ್ಲ. ಹಾಜರಿ ಕಡಿಮೆ. ಇನ್ನು ಒಂದು ದಿನ ತಪ್ಪಿದರೂ ಹಾಲ್ ಟಿಕೆಟ್ ಕೊಡುವುದಿಲ್ಲವೆಂದು ಪ್ರಿನ್ಸಿಪಾಲರು ಬರೆದು ಕಳಿಸಿದ್ದರು.

ಒಂದು ಶನಿವಾರ ಬೆಳಿಗ್ಗೆ ಹುಸೇನಬಾಷಾ ಸ್ಟೂಲಿನ ಮೇಲೆ ಕೂತು ಮಿರ್ಚಿ ಕಡಿಯುವಾಗ ಅವನ ಚೈನಾ ಮೊಬೈಲು ಬಡಿದುಕೊಂಡಿತು. ಆ ಮೊಬೈಲಿಗೆ ಎಂಟು ಸ್ಪೀಕರು. ಪಿಸುಗುಟ್ಟಿದರೂ ಮೂರು ಓಣಿಗೆ ಕೇಳುತ್ತಿತ್ತು. ಸದ್ದು ತಗ್ಗಿಸುವ ಗುಂಡಿ ಖರೀದಿಸಿದ ದಿನವೇ ಒಳಗೆ ಹೋಗಿ ಕೂತಿತ್ತು.

“ಲೇ ಬಾಷಾ!” ಎಂದು ಮೊಬೈಲು ಅಬ್ಬರಿಸಿತು. “ಬಳ್ಳಾರಿಯಾಗ ಹಳೇ ಕಂಟ್ರೋಲರ್ ಕಥಿ ಮುಗೀತಲೋ! ನಾಳೆ ಹೊಸ ಕಂಟ್ರೋಲರ್ ಕುಂದ್ರಬೇಕು. ನೀನ ಬರಬೇಕು. ಬಸ್ಸು, ಟರ್ಮಿನಲ್ಲು, ಅಡ್ರೆಸ್ಸು, ಎಲ್ಲಾ ಇನ್ನ ನಿನ್ನ ಕೈಯಾಗ! ಬರ್ತೀಯಿಲ್ಲೊ?”

“ಬರ್ತೀನಿ ಧಣಿ,” ಎಂದ ಹುಸೇನಬಾಷಾ.

ಹೋಟೆಲ್ಲಿನ ಕಿವಿಗಳೆಲ್ಲ ಬಾಗಿಲ ಹಿಂದಿನ ಸ್ಟೂಲಿನತ್ತ ತಿರುಗಿದವು. ಬಾಣಲೆಯಲ್ಲಿ ಮಿರ್ಚಿ ಕೂಡ ಚುರುಗುಟ್ಟುವುದನ್ನು ನಿಲ್ಲಿಸಿತು.

ಇಲ್ಲಿ ಎರಡು ಮಾತು ಹೇಳದೆ ವಿಧಿಯಿಲ್ಲ. ನಮ್ಮ ಕಡೆ ಕಂಟ್ರೋಲರ್ ಎಂದರೆ ಒಬ್ಬನೇ: ಬಳ್ಳಾರಿ ಬಸ್ ಸ್ಟ್ಯಾಂಡಿನ ಗಾಜಿನ ಗೂಡಿನಲ್ಲಿ ಕೂತು, ಮೈಕಿನಲ್ಲಿ ಊರುಗಳ ಹೆಸರು ಕೂಗಿ, ಡ್ರೈವರುಗಳ ಹಾಳೆಗೆ ಸೀಲು ಗುದ್ದುವವನು. ಡಿಸಿ ಸಾಹೇಬರು ಬದಲಾದರೆ ಕುರುಗೋಡಿಗೆ ತಿಳಿಯಲು ತಿಂಗಳು ಬೇಕು. ಕಂಟ್ರೋಲರಿಗೆ ನೆಗಡಿಯಾದರೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಆದರೆ ಮೊಬೈಲಿನಲ್ಲಿ ಅಬ್ಬರಿಸಿದವರು ಗಣಿ ಧಣಿ ಚನ್ನಬಸವರಾಜ. ಬಳ್ಳಾರಿಯಲ್ಲಿ ಅವರು ಕಟ್ಟಿಸಿದ ‘ಗಂಗೋತ್ರಿ ಮಹಲ್’ ಎಂಬ ಮದುವೆ ಮಂಟಪ ಪೂರ್ತಿ ಏಸಿ. ಯಾವ ಕೋಣೆಗೆ ಎಷ್ಟು ತಂಪು, ಯಾವ ಯಂತ್ರ ಯಾವಾಗ ಓಡಬೇಕು ಎಂದು ತೀರ್ಮಾನಿಸುವುದು ಪ್ಯಾನೆಲ್ಲಿನೊಳಗಿನ, ಮಿಠಾಯಿ ಡಬ್ಬಿಯಷ್ಟು ಗಾತ್ರದ ಒಂದು ಪೆಟ್ಟಿಗೆ. ಅದರ ಹೆಸರೂ ಕಂಟ್ರೋಲರ್. ಅದು ದೂರದ ಯಂತ್ರಗಳೊಡನೆ ಮಾತಾಡುವ ಜೋಡಿ ವೈರಿನ ಹೆಸರು, ದೇವರಾಣೆ, ಬಸ್; ವೈರು ಕೂಡುವ ಸ್ಕ್ರೂ ಟರ್ಮಿನಲ್ಲು, ಒಂದೊಂದು ಯಂತ್ರದ ನಂಬರು ಅಡ್ರೆಸ್ಸು. ಗಣಿ ಧೂಳಿನಲ್ಲಿ ಕಬ್ಬಿಣವಿರುತ್ತದಲ್ಲ, ಅದು ಪೆಟ್ಟಿಗೆಯೊಳಗೆ ಹೊಕ್ಕು ಶಾರ್ಟ್ ಮಾಡಿ ಹಳೇ ಕಂಟ್ರೋಲರನ್ನು ಹೊತ್ತಿ ಹಾಕಿತ್ತು.

ಇದನ್ನೆಲ್ಲ ಹುಸೇನಬಾಷಾ ಹೇಳಬೇಕೆಂದೇ ಬಾಯಿ ತೆರೆದ. ಆದರೆ ಬಾಯಲ್ಲಿ ಮಿರ್ಚಿಯಿತ್ತು. ಅದು ಗಂಟಲಿಳಿಯುವಷ್ಟರಲ್ಲಿ ಜಡೆಪ್ಪ ತನ್ನ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯನ್ನೇ ಒರೆಸಿ ತಂದಿಟ್ಟಿದ್ದ.

“ಮ್ಯಾಲ ಕುಂದುರ್ರಿ ಬಾಷಾ ಸಾಹೇಬ್ರ. ಇಷ್ಟು ದಿನ ನಮ್ಮ ಸ್ಟೂಲಿಗೆ ನಿಮ್ಮ ಬೆಲಿ ಗೊತ್ತಾಗಲಿಲ್ಲ.”

ಜಡೆಪ್ಪ ಬಹುವಚನ ಬಳಸಿದ್ದು ಅವನ ಜನ್ಮದಲ್ಲಿ ಅದೇ ಮೊದಲು. ಹಿಂದೆಯೇ ಕೆನೆ ಹಾಕಿದ ಚಹಾ ಬಂತು, ಮತ್ತೆರಡು ಮಿರ್ಚಿ ಬಂದವು. ಇಷ್ಟಾದ ಮೇಲೆ ನಿಜ ಹೇಳುವುದು ಅಡುಗೆಗೆ ಅವಮಾನ. ಹುಸೇನಬಾಷಾ ಗಂಭೀರವಾಗಿ, “ನೋಡೂನು, ನಾಳೆ ಕೂಡಿಸಿದ ಮ್ಯಾಲ,” ಎಂದಷ್ಟೇ ಹೇಳಿದ. ಅದು ಸುಳ್ಳೂ ಅಲ್ಲ.

ಸಂಜೆಯ ಹೊತ್ತಿಗೆ ಹುಣಸೇ ಕ್ರಾಸಿನ ಮನೆಯ ಮುಂದೆ ಚಪ್ಪಲಿಗಳ ಗುಡ್ಡ ಬಿದ್ದಿತ್ತು. ಬಳ್ಳಾರಿಯ ಕೋಟೆ ಗುಡ್ಡಕ್ಕಿಂತ ಎರಡು ಮೊಳ ಎತ್ತರ. ಒಬ್ಬನಿಗೆ ಕಿಟಕಿ ಪಕ್ಕದ ಸೀಟು ಸಾಯುವತನಕ ತನ್ನ ಹೆಸರಿಗೆ ಬರೆದುಕೊಡಬೇಕಿತ್ತು. ಇನ್ನೊಬ್ಬನಿಗೆ ತನ್ನ ಅತ್ತೆಯ ಊರಿನಿಂದ ಬರುವ ಬಸ್ಸನ್ನು ರದ್ದು ಮಾಡಬೇಕಿತ್ತು. ಪಕ್ಕದ ಮನೆಯ ವೀರಭದ್ರಮ್ಮ ಮಂಡಿ ಹಿಡಿದುಕೊಂಡೇ ಒಳಗೆ ಬಂದಳು.

“ಬಾಷಾ, ಕ್ರಾಸಿಗಿ ನಡಿಯಾಕ ಆಗವಲ್ದಪ. ಬಸ್ಸು ನನ್ನ ಬಾಗಿಲ ಮುಂದ ತಂದು, ಒಂಚೂರು ಓರಿ ಮಾಡಿ ನಿಂದ್ರಸಾಕ ಹೇಳು. ಮೆಟ್ಲು ಎತ್ತರ ಅದಾವ.”

“ಅಲ್ಲಬೇ, ನಾನು ಆ ಕಂಟ್ರೋಲರ್ ಅಲ್ಲ...”

“ದೊಡ್ಡೋರು ಹಿಂಗ ಅಂತಾರ. ನನಗ ತಿಳೀದಿಲ್ಲೇನು? ನಿನ್ನ ಎತ್ತಿ ಆಡಿಸೀನಿ ನಾನು!”

ಒಳಗಿನಿಂದ ಹೆಂಡತಿ ಪರ್ವೀನ್ ಇಪ್ಪತ್ತೆಂಟನೆಯ ಸಲ ಚಹಾಕ್ಕೆ ನೀರಿಡುತ್ತ, “ಏನ್ರೀ, ಕಂಟ್ರೋಲರ್ ಅಂದ್ರ ಖಾಕಿ ಪ್ಯಾಂಟು ಬೇಕಾಗ್ತೈತೇನು? ನಿಮ್ಮ ಪ್ಯಾಂಟಿನ ಮಂಡಿ ಹರದೈತಿ,” ಎಂದಳು. ಫರ್ಹತ್ ಮಾತ್ರ ಎಲ್ಲರೂ ಹೋಗುವತನಕ ಕಾದು, ಒಂದೇ ಮಾತು ಕೇಳಿದಳು:

“ಅಬ್ಬಾ, ಸೋಮವಾರ ಬಸ್ ನಿಂದರ್ತೈತಿ ಹೌದಿಲ್ಲೊ?”

ಆ ಮಾತಿಗೆ ಅಡ್ಡ ಹಾಕಲು ಹುಸೇನಬಾಷಾನ ಬಾಯಲ್ಲಿ ಮಿರ್ಚಿ ಇರಲಿಲ್ಲ. “ನಿಂದರ್ತೈತಿ ಬೇಟಾ,” ಎಂದುಬಿಟ್ಟ. ಇದು ಮಾತ್ರ ಸುಳ್ಳು.

ಭಾನುವಾರ ಬೆಳಿಗ್ಗೆ ಏಳಕ್ಕೆ ಅವನು ಗಂಗೋತ್ರಿ ಮಹಲಿನಲ್ಲಿದ್ದ. ಮಾಘ ಮಾಸ ಮುಗಿದಿರಲಿಲ್ಲ, ಆಗಲೇ ಬಳ್ಳಾರಿಯಲ್ಲಿ ಕಾಗೆಗಳು ನೆರಳಿಗೆ ಪಾಳಿ ಹಚ್ಚಿದ್ದವು. ಅಂದು ಮಧ್ಯಾಹ್ನ ಹನ್ನೆರಡೂ ಮೂವತ್ತೈದಕ್ಕೆ ಅಲ್ಲೊಂದು ದೊಡ್ಡ ಮದುವೆಯ ಮುಹೂರ್ತ. ಮಂಟಪಕ್ಕೆ ಒಂದು ಕಿಟಕಿಯೂ ತೆರೆಯುವಂಥದಲ್ಲ, ಎಲ್ಲ ಬೆಸೆದ ಗಾಜು. ಒಳಗೆ ಎರಡು ಸಾವಿರ ಜನ ಕೂತರೆ ಮದುವೆಯೂಟ ಬೇರೆ ಬೇಯಿಸುವುದೇ ಬೇಡ.

“ಏಮಯ್ಯಾ ಬಾಷಾ, ಮರ್ಯಾದಿ ಪ್ರಶ್ನೆ,” ಎಂದು ಚನ್ನಬಸವರಾಜ ಕೊರಳ ಸರಪಳಿ ಎತ್ತಿ ಬೆವರು ಒರೆಸಿದರು. ಆ ಸರಪಳಿಯಿಂದ ಅದಿರು ಲಾರಿಯನ್ನೇ ಎಳೆಯಬಹುದಿತ್ತು. “ಹೆಣ್ಣಿನ ಅಪ್ಪ ವಿರೂಪಾಕ್ಷಪ್ಪನವರು ಬಸ್ ಇಲಾಖೆ ದೊಡ್ಡ ಸಾಹೇಬ್ರು. ಹೊಸ ಪೆಟಿಗಿ ಪಾರ್ಸಲ್ ಬಂದೈತಿ. ಕಂಪನಿ ಇಂಜಿನಿಯರ್ ಮಾತ್ರ ಬರವಲ್ಲ. ಹೊಸಪೇಟಿ ರೋಡಿನಾಗ ಅದಿರು ಲಾರಿ ಸಾಲಿನೊಳಗ ಸಿಕ್ಕೊಂಡಾನಂತ.”

ಆ ಸಾಲು ಹನ್ನೊಂದು ಮೈಲಿ ಉದ್ದವಿತ್ತು. ಅದರಲ್ಲಿ ನಿಂತವರು ಅಲ್ಲೇ ಮನೆ ಕಟ್ಟಿ, ಮಕ್ಕಳನ್ನು ಶಾಲೆಗೆ ಸೇರಿಸಿದ್ದರೆಂದು ಪ್ರತೀತಿ. ಇಂಜಿನಿಯರ್ ಫೋನಿನಲ್ಲೇ ದಾರಿ ತೋರಿಸುತ್ತೇನೆಂದ.

ಹುಸೇನಬಾಷಾ ಪ್ಯಾನೆಲ್ಲಿನ ಬಾಗಿಲು ತೆರೆದ. ಮೊದಲು ಮೇನ್ ಸ್ವಿಚ್ ಕೆಳಗಿಳಿಸಿ, ಬೀಗ ಹಾಕಿ, ಕೀಲಿ ಜೇಬಿಗೆ ಹಾಕಿಕೊಂಡ. ಟೆಸ್ಟರ್ ಮುಟ್ಟಿಸಿ ಕರೆಂಟು ಸತ್ತದ್ದನ್ನು ಎರಡು ಸಲ ಖಾತ್ರಿ ಮಾಡಿಕೊಂಡ. ಒಳಗೆ ನೋಡಿದರೆ ನಲವತ್ತೆರಡು ವೈರು, ಎಲ್ಲವೂ ಒಂದೇ ಬೂದು ಬಣ್ಣ. ಅವುಗಳ ಚೀಟಿಗಳು ಬಿಸಿಗೆ ಒಣಗಿ ಉದುರಿದ್ದವು. ಬೇರೆ ಯಾವನೇ ಆಗಿದ್ದರೂ ಎಲ್ಲವನ್ನೂ ಒಮ್ಮೆಲೇ ಕಿತ್ತು, ಆಮೇಲೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಹುಸೇನಬಾಷಾ ಒಂದು ವೈರಿಗೂ ಕೈ ಹಚ್ಚಲಿಲ್ಲ. ಉಳಿದ ಲಗ್ನಪತ್ರಿಕೆಗಳ ಕಟ್ಟು ತರಿಸಿ, ಕತ್ತರಿಸಿ, ನಲವತ್ತೆರಡು ಚೀಟಿ ಮಾಡಿ, ದಾರ ಪೋಣಿಸಿದ.

ಇಂಗ್ಲಿಷ್ ಅಕ್ಷರ ಅವನಿಗೆ ನಿಧಾನ. ಆದರೆ ಸಿರುಗುಪ್ಪಕ್ಕೆ ಇಪ್ಪತ್ತು ವರ್ಷ ಓಡಾಡಿದವನಿಗೆ ಬಳ್ಳಾರಿಯ ಬಸ್ಸು ಮುಟ್ಟುವ ಒಂದೊಂದು ಊರೂ ಹಸ್ತರೇಖೆ. ಹಳೇ ಪೆಟ್ಟಿಗೆಯ ಸಾಲಿನಂತೆ ಒಂದೊಂದು ವೈರಿಗೆ ಒಂದೊಂದು ಊರು ಕಟ್ಟಿದ. ಊಟದ ಹಾಲ್‌ನ ವೈರು ಸಿರುಗುಪ್ಪ, ಅಕ್ಕಿಯ ಊರಲ್ಲವೇ. ಅಡುಗೆಮನೆಯ ಉಷ್ಣತೆ ಅಳೆಯುವ ವೈರು ಹಲಕುಂದಿ, ಅಲ್ಲಿ ಮಠದ ದಾಸೋಹವಿದೆ. ವಧುವಿನ ಕೋಣೆ, ಹೊಳೆ ದಂಡೆಯ ತಂಪಿಗಾಗಿ, ಕೆಂಚನಗುಡ್ಡ. ವರನ ಕೋಣೆ ಕುರುಗೋಡು. ವೇದಿಕೆಯ ಯಂತ್ರಕ್ಕೆ ‘ಓಡು’ ಎಂದು ಹೇಳುವ ಕೊನೆಯ ವೈರಿಗೆ ಹೆಸರು ಸಾಲದೆ, ಒಂದು ಗಳಿಗೆ ಯೋಚಿಸಿ, ‘ಹುಣಸೇ ಕ್ರಾಸ್’ ಎಂದು ಬರೆದ.

ಆಮೇಲೆ ಶುರುವಾಯಿತು ನೋಡಿ ಕೈಚಳಕ! ಸುಟ್ಟ ಪೆಟ್ಟಿಗೆ ಪಟ್ಟಿಯಿಂದ ಕಳಚಿ ಬಂತು, ಹೊಸದು ಕಟಕ್ಕೆಂದು ಕೂತಿತು. ವೈರಿನ ತುದಿ ಸುಲಿಯುವಾಗ ಒಂದು ಎಳೆಯೂ ಮುರಿಯಲಿಲ್ಲ. ಸ್ಕ್ರೂ ಬಿಗಿ ಮಾಡಿ ಪ್ರತಿ ವೈರನ್ನೂ ಒಮ್ಮೆ ಮೆಲ್ಲಗೆ ಜಗ್ಗಿ ನೋಡಿದ. ಅಡುಗೆ ಭಟ್ಟರು ಒಗ್ಗರಣೆ ಬಿಟ್ಟು ನೋಡಲು ಬಂದರು. ಓಲಗದವರು ಬಂದರು, ಅವನ ಬೆರಳಿನ ತಾಳಕ್ಕೆ ಡೋಲು ಬಾರಿಸಬೇಕೆನಿಸಿತೆಂದು ಅವರೇ ಹೇಳಿದ್ದು. ಜಡೆ ಹೆಣೆದಂತೆ ವೈರುಗಳನ್ನು ಒಪ್ಪ ಮಾಡಿ ಕಟ್ಟಿದಾಗ ಹೆಣ್ಣಿನ ಕಡೆಯ ಮುದುಕಿಯೊಬ್ಬಳು, “ನಮ್ಮ ಮದುಮಗಳ ಜಡೀಗೂ ಇವನ್ನ ಕರೀರಿ,” ಎಂದಳು.

ಈ ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿ ಬೇರೆಯೇ ರಾಮಾಯಣ. ಅಧಿಕಾರ ವಹಿಸಿಕೊಳ್ಳುವ ಕಂಟ್ರೋಲರಿಗೆ ಮಾಲೆ ಹಾಕಲು ಜಡೆಪ್ಪ, ವೀರಭದ್ರಮ್ಮ, ಫರ್ಹತ್ ಮತ್ತು ಹದಿನೆಂಟು ಜನ ಒಂಬತ್ತು ಸೀಟಿನ ಟ್ರ್ಯಾಕ್ಸಿನಲ್ಲಿ ಬಂದಿಳಿದರು. ಗಾಜಿನ ಗೂಡಿನಲ್ಲಿ ನಿಜವಾದ ಕಂಟ್ರೋಲರ್ ಮಾರೆಣ್ಣ, ಹದಿನಾರು ವರ್ಷದ ಸರ್ವೀಸಿನವನು, ಸೀಲು ಗುದ್ದುತ್ತಿದ್ದ.

“ನೀವು ಇನ್ನೂ ಇಲ್ಲೇ ಅದೀರಿ?” ಎಂದು ಜಡೆಪ್ಪ ಗಾಬರಿಯಾದ.

“ಯಾಕಪ? ಎಲ್ಲಿಗಿ ಹೋಗಬೇಕಿತ್ತು?”

“ನಿಮ್ಮ ಕಥಿ ಮುಗದೈತಂತ. ಹೊಸ ಕಂಟ್ರೋಲರ್ ಕುಂದ್ರಾಕತ್ಯಾರ. ನಾವು ಮಾಲಿ ತಂದೀವಿ.”

ಮಾರೆಣ್ಣನ ಸೀಲು ಹಾಳೆಯ ಬದಲು ಅವನ ಅಂಗೈ ಮೇಲೆ ಬಿತ್ತು. “ಯಾರ್ರೀ ಹೇಳಿದ್ದು?”

“ಗಂಗೋತ್ರಿ ಮಹಲಿನ ಧಣೀನ ಫೋನು ಮಾಡಿದ್ರು. ಊರಿಗೆಲ್ಲಾ ಕೇಳೈತಿ.”

ಗಂಗೋತ್ರಿ ಮಹಲ್! ಅಲ್ಲಿ ದೊಡ್ಡ ಸಾಹೇಬರ ಮಗಳ ಮದುವೆ! ಮಾರೆಣ್ಣ ಮೈಕನ್ನೂ ಆರಿಸದೆ ಎದ್ದ. “ನನ್ನ ತಪ್ಪೇನು ಅಂತ ಸಾಹೇಬ್ರನ್ನ ಇವತ್ತ ಕೇಳತೀನಿ” ಎಂಬ ಮಾತು ಬಸ್ ಸ್ಟ್ಯಾಂಡಿನ ತುಂಬ ಮೊಳಗಿತು. ಎಷ್ಟೋ ಜನ ಅದೊಂದು ಊರೆಂದು ತಿಳಿದು ಪ್ಲಾಟ್‌ಫಾರ್ಮ್ ಹುಡುಕಿದರು. ಟ್ರ್ಯಾಕ್ಸಿನಲ್ಲಿ ಇಪ್ಪತ್ತೆರಡನೆಯವನಾಗಿ ಮಾರೆಣ್ಣ ಏರಿದ, ಮಾಲೆಯ ಮೇಲೆಯೇ ಕೂತ.

ಇತ್ತ ಮಹಲಿನಲ್ಲಿ ಹನ್ನೆರಡು ಹೊಡೆದಿತ್ತು. ಹುಸೇನಬಾಷಾ ಕರೆಂಟು ಕೊಟ್ಟ. ಪೆಟ್ಟಿಗೆಯ ಹಸಿರು ದೀಪ ಕಣ್ಣು ಬಿಟ್ಟಿತು. ಜನ ಚಪ್ಪಾಳೆ ತಟ್ಟಿದರು. ಆದರೆ ಮಾಳಿಗೆಯ ದೊಡ್ಡ ಯಂತ್ರಗಳು ಸೊಲ್ಲೆತ್ತಲಿಲ್ಲ.

“ಅಡುಗೆಮನೆ ಸೆನ್ಸರ್ ಎಷ್ಟು ತೋರಿಸ್ತಿದೆ?” ಎಂದು ಎಂಟು ಸ್ಪೀಕರಿನಲ್ಲಿ ಇಂಜಿನಿಯರ್ ಕೇಳಿದ.

“ಹಲಕುಂದಿ ಮೂವತ್ತೊಂಬತ್ತು ಡಿಗ್ರಿ ಸರ್. ಕೆಂಚನಗುಡ್ಡ ಮೂವತ್ತಾರು.”

“ನಾನು ಊರಿನ ಹವಾಮಾನ ಕೇಳ್ತಿಲ್ಲ! ಸರಿ ಬಿಡಿ, ಡಿಗ್ರಿ ಬರ್ತಿದೆ ಅಂದ್ರೆ ಸೆನ್ಸರ್ ಸರಿ ಇವೆ. ಬಸ್ ಬರ್ತಿಲ್ಲ ಅಷ್ಟೆ. ಬಸ್ ನೋಡಿ!”

ಹುಸೇನಬಾಷಾ ಜೋಡಿ ವೈರನ್ನು ನೋಡಿದ. ಬಿಗಿಯಾಗಿತ್ತು. ಕೊನೆಯ ಯಂತ್ರದ ತನಕ ಮೆಟ್ಟಿಲು ಹತ್ತಿ ನೋಡಿ ಬಂದ. ಒಂದೇ ದಾರಿ, ಎಲ್ಲೂ ತುಂಡಾಗಿಲ್ಲ. ಹನ್ನೆರಡೂ ಹದಿನೈದು. ಒಳಗೆ ಹೂಮಾಲೆಗಳು ಬೇಯಿಸಿದ ಸೊಪ್ಪಾಗಿದ್ದವು. ಪುರೋಹಿತರು ಮಂತ್ರದ ನಡುವೆ “ನೀರು, ನೀರು” ಎಂದಾಗ ವಧುವರರು ಅದನ್ನೂ ಭಕ್ತಿಯಿಂದ ಪುನರುಚ್ಚರಿಸಿದರು. ವಿರೂಪಾಕ್ಷಪ್ಪನವರ ಹಣೆಯ ವಿಭೂತಿ ಇಳಿದು ಮೀಸೆ ಬೆಳ್ಳಗಾಗಿತ್ತು.

“ಬಾಷಾ, ನನ್ನ ಮಾನ ಹೋತಲೋ!” ಎಂದು ಚನ್ನಬಸವರಾಜ ಬೀಸಣಿಗೆಗೆ ತಟ್ಟೆಯನ್ನೇ ಹಿಡಿದು ಕೂಗಿದರು.

ಅಷ್ಟರಲ್ಲಿ ಹೊರಗೆ ಹಾರ್ನುಗಳ ಪ್ರಳಯ. ಹುಸೇನಬಾಷಾ ಬಾಗಿಲಿಗೆ ಬಂದು ನೋಡಿದ. ಮಹಲಿಗೆ ಎರಡು ಗೇಟು, ಒಂದು ಬರಲಿಕ್ಕೆ, ಒಂದು ಹೋಗಲಿಕ್ಕೆ. ಬೀಗರನ್ನು ಇಳಿಸಿದ ಬಸ್ಸು ಹೋಗುವ ಗೇಟಿನಿಂದ ಹೊರಡುತ್ತಿತ್ತು. ಅದೇ ಗೇಟಿನಿಂದ ಒಂದು ಟ್ರ್ಯಾಕ್ಸು ಒಳಗೆ ನುಗ್ಗುತ್ತಿತ್ತು. ಎರಡೂ ಮೂತಿಗೆ ಮೂತಿ ಹಚ್ಚಿ ನಿಂತಿದ್ದವು. ಟ್ರ್ಯಾಕ್ಸಿನ ಮೇಲೆ ಜಡೆಪ್ಪ ನಿಂತು, “ಕಂಟ್ರೋಲರ್ ಸಾಹೇಬ್ರು ಗಾಡಿಯೊಳಗ ಅದಾರ, ದಾರಿ ಬಿಡ್ರಿ!” ಎನ್ನುತ್ತಿದ್ದ.

“ಬರೋ ಗೇಟಿನ್ಯಾಗ ಬರಬೇಕಲೇ ಜಡೆಪ್ಪ! ಹೋಗೋ ಗೇಟಿನ್ಯಾಗ ಬಂದ್ರ ಯಾವ ಬಸ್ ಅಲ್ಲಾಡ್ತೈತಿ...” ಎಂದು ಕೂಗುತ್ತಿದ್ದ ಹುಸೇನಬಾಷಾ ಮಾತು ಅರ್ಧಕ್ಕೆ ನುಂಗಿ ಪ್ಯಾನೆಲ್ಲಿನತ್ತ ಹಾರಿದ.

ಹಳೇ ಪೆಟ್ಟಿಗೆಯಲ್ಲಿ ಬಸ್ಸಿನ ಪ್ಲಸ್ಸು ಎಡಕ್ಕೆ, ಮೈನಸ್ಸು ಬಲಕ್ಕೆ. ಹೊಸದರಲ್ಲಿ, ಕಣ್ಣು ಕಿರಿದು ಮಾಡಿ ನೋಡಿದರೆ, ಮೈನಸ್ಸು ಎಡಕ್ಕೆ! ಅವನು ಎಡದ್ದನ್ನು ಎಡಕ್ಕೇ ಹಾಕಿದ್ದ. ಬರುವ ಗೇಟಿನಲ್ಲಿ ಹೋಗುವ ಬಸ್ಸು! ಕರೆಂಟು ಇಳಿಸಿದ, ಎರಡು ಸ್ಕ್ರೂ ಸಡಿಲಿಸಿದ, ವೈರು ಅದಲು ಬದಲು ಮಾಡಿದ, ಬಿಗಿದ, ಜಗ್ಗಿ ನೋಡಿದ, ಕರೆಂಟು ಎತ್ತಿದ. ಕಣ್ಣು ಮುಚ್ಚಿ ತೆರೆದರೆ ಅರ್ಧ ಕೆಲಸ ನೋಡುವುದು ತಪ್ಪಿಹೋಗುತ್ತಿತ್ತು.

ಮಾಳಿಗೆಯ ಮೇಲೆ ಆನೆ ಎದ್ದಂತೆ ಸದ್ದಾಯಿತು. ತಂಪು ಗಾಳಿ ಇಳಿಯಿತು ನೋಡಿ, ಮುಂದಿನ ಸಾಲಿನ ಮುದುಕರು ಕಿವಿಗೆ ಟವೆಲ್ಲು ಸುತ್ತಿಕೊಂಡರು. ಬಾಡಿದ ಮಲ್ಲಿಗೆ ಮತ್ತೆ ಮೊಗ್ಗಾಯಿತು. ಹನ್ನೆರಡೂ ಮೂವತ್ತೈದಕ್ಕೆ ಸರಿಯಾಗಿ ಅಕ್ಷತೆ ಬಿತ್ತು. ಬೀಳುವಾಗ ಮಂಜುಗಡ್ಡೆಯಾಗಿತ್ತೆಂದು ಕೆಲವರು ಹೇಳುತ್ತಾರೆ, ನಾವು ಅಷ್ಟು ದೂರ ಹೋಗುವುದು ಬೇಡ.

ಆಗ ಒಳಗೆ ನುಗ್ಗಿದ ಮಾರೆಣ್ಣ ನೇರ ಸಾಹೇಬರ ಕಾಲಿಗೆ ಬಿದ್ದ. “ಸಾಹೇಬ್ರ, ಹದಿನಾರು ವರ್ಷ ಸೀಲು ಗುದ್ದೀನಿ! ನನ್ನ ತಗದು ಹೊಸ ಕಂಟ್ರೋಲರ್ ಹಾಕೀರಂತಲ್ರೀ!”

ಸಾಹೇಬರಿಗೆ ತಲೆಬುಡ ತಿಳಿಯಲಿಲ್ಲ. ಚನ್ನಬಸವರಾಜರಿಗೆ ಮಾತ್ರ ಸಂತೋಷ ತಡೆಯಲಾಗದೆ, “ಹೌದ್ರೀ! ಮುಂಜಾನಿ ಕೂಡಿಸಿದ್ವಿ. ಹಳೇದು ಸುಟ್ಟು ನಾರಾಕತ್ತಿತ್ತು, ಕಿತ್ತು ಹಿತ್ತಲಾಗ ಒಗದೀವಿ!” ಎಂದರು.

ಮಾರೆಣ್ಣ ತನ್ನ ತೋಳನ್ನೊಮ್ಮೆ ಮೂಸಿ ನೋಡಿಕೊಂಡ.

ಎಲ್ಲರೂ ಪ್ಯಾನೆಲ್ಲಿನ ಮುಂದೆ ಸೇರಿದರು. ಹುಸೇನಬಾಷಾ ಮಿಠಾಯಿ ಡಬ್ಬಿಯಷ್ಟು ಪೆಟ್ಟಿಗೆ ತೋರಿಸಿದ. “ಇದ ನೋಡ್ರಿ ಹೊಸ ಕಂಟ್ರೋಲರು. ನಾನು ಇದನ್ನ ಕೂಡಿಸಿದಾವ ಅಷ್ಟ. ನಿನ್ನಿ ಹೇಳಬೇಕಿತ್ತು, ಮಿರ್ಚಿ ಅಡ್ಡ ಬಂತು.”

ಕುರುಗೋಡಿನವರು ಪೆಟ್ಟಿಗೆಯನ್ನೂ ಅವನನ್ನೂ ನೋಡಿದರು. ಜಡೆಪ್ಪನ ಕೈಯಲ್ಲಿದ್ದ, ಮಾರೆಣ್ಣ ಕೂತು ಚಪಾತಿಯಾಗಿದ್ದ ಮಾಲೆ ಕೆಳಗಿಳಿಯಿತು. ಫರ್ಹತ್ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

ವಿರೂಪಾಕ್ಷಪ್ಪನವರು ಮಾತ್ರ ಚೀಟಿಗಳನ್ನು ಓದುತ್ತ ಮೈಮರೆತಿದ್ದರು. “ಸಿರುಗುಪ್ಪ, ಕೆಂಚನಗುಡ್ಡ, ಹಲಕುಂದಿ... ಏನಪ್ಪಾ ಇದು, ನಮ್ಮ ಡಿಪೋ ಬೋರ್ಡಿಗಿಂತ ಚಲೋ ಬರದೀಯಲ್ಲ! ಇದ್ಯಾವುದಿದು ಹುಣಸೇ ಕ್ರಾಸ್? ಇದು ನಮ್ಮ ಲಿಸ್ಟಿನ್ಯಾಗ ಇಲ್ಲ.”

“ಅದ ಬ್ಯಾನಿ ಸಾಹೇಬ್ರ,” ಎಂದ ಹುಸೇನಬಾಷಾ. “ನಲವತ್ತೆರಡು ಚೀಟಿಯಾಗ ನಲವತ್ತೊಂದು ಕಡಿ ಬಸ್ ನಿಂದರ್ತಾವ. ಅಲ್ಲಿ ನಿಂದ್ರಂಗಿಲ್ಲ. ಐದು ಹುಡುಗ್ಯಾರಿಗೆ ಕಾಲೇಜು ತಪ್ಪಾಕತ್ತೈತಿ.”

“ಸಣ್ಣ ಕ್ರಾಸಪ್ಪ. ಒಂದು ಬಿಟ್ರ ಏನಾಗ್ತೈತಿ?”

“ತೋರಸ್ತೀನಿ,” ಎಂದ ಹುಸೇನಬಾಷಾ. ಸ್ಕ್ರೂ ಡ್ರೈವರ್ ಒಂದು ಸುತ್ತು ತಿರುಗಿಸಿ, ಆ ಒಂದು ವೈರನ್ನು ಹೊರಗೆಳೆದ.

ವೇದಿಕೆಯ ಮೇಲಿನ ಗಾಳಿ ನಿಂತಿತು. ಹತ್ತು ಎಣಿಸುವುದರೊಳಗೆ ಪುರೋಹಿತರು ಮತ್ತೆ “ನೀರು, ನೀರು” ಎಂದರು. ವಧುವರರು ಮತ್ತೆ “ನೀರು, ನೀರು” ಎಂದರು. ವರನ ಪೇಟದಿಂದ ಹಳ್ಳ ಹರಿಯಿತು. ಬೀಗರು ಕುರ್ಚಿಯಿಂದ ಎದ್ದರು.

“ಹಾಕಪ್ಪೋ, ಹಾಕು!” ಎಂದು ಸಾಹೇಬರು ಎರಡೂ ಕೈ ಎತ್ತಿದರು. “ಮಾರೆಣ್ಣ! ಸೋಮವಾರದಿಂದ ಏಳೂ ನಲವತ್ತು ಹುಣಸೇ ಕ್ರಾಸಿನಾಗ ನಿಂದ್ರಬೇಕು. ಬರಕೋ ಈಗ!”

ಕಾಗದ ಇರಲಿಲ್ಲ. ಮಾರೆಣ್ಣ ಅಂಗೈ ಮೇಲೆ, ಬೆಳಗಿನ ಸೀಲಿನ ಕೆಳಗೇ ಬರೆದುಕೊಂಡ. ಅಷ್ಟು ಅಧಿಕೃತವಾದ ಆದೇಶ ಇಲಾಖೆಯ ಚರಿತ್ರೆಯಲ್ಲೇ ಹೊರಟಿರಲಿಲ್ಲ. ಹುಸೇನಬಾಷಾ ವೈರು ಹಾಕಿದ, ಬಿಗಿದ, ಜಗ್ಗಿ ನೋಡಿದ.

ಊಟದ ಹೊತ್ತಿಗೆ ಅದಿರು ಸಾಲಿನಿಂದ ಬಿಡಿಸಿಕೊಂಡ ಇಂಜಿನಿಯರ್ ಕುಂಕುಮದ ಗೊಂಬೆಯಂತೆ ಬಂದ. ಪ್ಯಾನೆಲ್ ತೆರೆದು ನಲವತ್ತೆರಡು ಚೀಟಿಯನ್ನೂ ಒಂದೊಂದಾಗಿ ಓದಿದ. ಆಮೇಲೆ ಫೋಟೋ ತೆಗೆದುಕೊಂಡು, “ನಮ್ಮಲ್ಲಿ ಇಷ್ಟು ನೀಟಾಗಿ ಯಾರೂ ಮಾಡಲ್ಲ ಬಾಷಾ ಅವರೇ. ಚೀಟಿ ಬದಲಾಯಿಸಲ್ಲ, ಇವೇ ಇರಲಿ,” ಎಂದ.

ಸೋಮವಾರ ಬೆಳಿಗ್ಗೆ ಹುಣಸೇ ಮರದ ಕೆಳಗೆ ಐದು ಹುಡುಗಿಯರಿದ್ದರು, ಅವರನ್ನು ನೋಡಲು ಐನೂರು ಜನರಿದ್ದರು. ವೀರಭದ್ರಮ್ಮ ಎಲ್ಲಿಗೂ ಹೋಗಬೇಕಿರಲಿಲ್ಲ; ನಿಂತ ಬಸ್ಸನ್ನು ಒಮ್ಮೆ ಮುಟ್ಟಿ ನೋಡಬೇಕೆಂದು ಮಂಡಿ ಮರೆತು ಓಡಿ ಬಂದಿದ್ದಳು. ಹುಸೇನಬಾಷಾ ಜಡೆಪ್ಪನ ತೋಳು ಹಿಡಿದು, “ಲೇ, ನಿಜ ಕೇಳು. ಕಂಟ್ರೋಲರ್ ಅಂದ್ರ ಒಂದು ಪೆಟಿಗಿ. ನೀನ ನೋಡಿದಿಲ್ಲ?” ಎಂದು ಮೂರನೆಯ ಸಲ ಬಿಡಿಸಿ ಹೇಳುತ್ತಿದ್ದ.

“ನೋಡೀನಿ ಬಿಡ್ರಿ ಸಾಹೇಬ್ರ,” ಎಂದು ಜಡೆಪ್ಪ ಕಣ್ಣು ಮಿಟುಕಿಸಿದ. “ಒಂದು ವೈರು ಕಿತ್ತಿದ್ದಕ್ಕ ದೊಡ್ಡ ಸಾಹೇಬ್ರು ಕೈ ಎತ್ತಿದ್ದನ್ನೂ ನೋಡೀನಿ.”

ದೂರದಲ್ಲಿ ಕೆಂಪು ಧೂಳೆದ್ದಿತು. ಬಸ್ಸು ಬಂತು, ವೇಗ ತಗ್ಗಿತು, ನಿಂತಿತು. ಫರ್ಹತ್ ಓಡದೆ, ಒಂದೊಂದೇ ಹೆಜ್ಜೆ ಇಟ್ಟು, ರಾಣಿಯಂತೆ ಹತ್ತಿದಳು. ಕಂಡಕ್ಟರ್ ಬಾಗಿಲಿನಿಂದ ಅರ್ಧ ಹೊರಗೆ ಜೋತು, ಇಂದಿಗೂ ಆ ದಾರಿಯ ಎಲ್ಲ ಕಂಡಕ್ಟರುಗಳೂ ಕೂಗುವ ಕೂಗನ್ನು ಮೊದಲ ಸಲ ಕೂಗಿದ:

“ಯಾರ್ರೀ ಇಳಿಯೋರು, ಕಂಟ್ರೋಲರ್ ಕ್ರಾಸ್!”